ಎಣಿಸದೆ ಬರೆದ ಹದಿನೆಂಟು

ಚೆನ್ನೈನ ಪರಂಗಿಮಲೆಯ ಮೆಟ್ಟಿಲು ಹತ್ತುವಾಗ ಮಾಮ ಮೂರು ಕಡೆ ನಿಂತ. ಮೊದಲೆರಡು ಸಲ ನಿಂತದ್ದು ಸುಸ್ತಿಗೆ. ಮೂರನೇ ಸಲ ನನ್ನ ಮುಖ ನೋಡಲಿಕ್ಕೆ.

“ಹತ್ತು ದಿವಸದಿಂದ ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ನಿಮ್ಮತ್ತೆ ಹೇಳ್ತಿದ್ದಾಳೆ. ಡ್ಯೂಟೀಲಿ ಏನಾದ್ರೂ ಆಯ್ತಾ ತಾಯಿ?”

“ಏನೂ ಇಲ್ಲ ಮಾಮ. ನೈಟ್ ಡ್ಯೂಟಿ, ಅಷ್ಟೆ.”

“ಬೆಳಿಗ್ಗೆ ಆರಾಧನೇಲಿ ಪ್ರಕಟನೆ ಪುಸ್ತಕದಿಂದ ಸಾರ್ದಿಸಿನ ಪತ್ರ ಓದಿದ್ರಲ್ಲ, ಅರ್ಧಕ್ಕೇ ಎದ್ದು ಆಚೆ ಹೋದೆ.”

“ಸೆಖೆ ಆಗ್ತಿತ್ತು.”

“ನಿನ್ನ ತಲೆ ಮೇಲೇ ಫ್ಯಾನ್ ಇತ್ತು.”

ಮಾತು ಅಲ್ಲಿಗೆ ಬಿಟ್ಟ. ಮಾಮ ಹಾಗೆಯೇ, ಕೇಳಿ ಬಿಟ್ಟುಬಿಡುತ್ತಾನೆ, ಉತ್ತರ ತಾನಾಗಿ ಬರುವ ತನಕ ಕಾಯುತ್ತಾನೆ. ಬಳ್ಳಾರಿಯಿಂದ ಹುಡುಗನಾಗಿದ್ದಾಗಲೇ ಬಂದು ಈ ಊರಿನ ರೈಲ್ವೆಯಲ್ಲಿ ಇಡೀ ಆಯಸ್ಸು ಎಂಜಿನ್ ಓಡಿಸಿದವನು. ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಗುವ ಮೊದಲು ಅಲ್ಲಿಯ ಹಳೇ ಪುಸ್ತಕದಂಗಡಿಗಳಲ್ಲಿ ಕೊಂಡ ಹೆರೊಡೋಟಸ್, ಪಾಲಿಬಿಯಸ್ ಇತಿಹಾಸಗಳು ಈಗಲೂ ಅವನ ಮಂಚದ ತಲೆದೆಸೆಯಲ್ಲಿ ಸತ್ಯವೇದದ ಪಕ್ಕದಲ್ಲಿವೆ. ಆ ಸತ್ಯವೇದ ಇಡಿಯಾಗಿ ಕನ್ನಡಕ್ಕೆ ಬಂದದ್ದು ನಮ್ಮೂರಿನಿಂದಲೇ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿಗಳ ಕೈಯಿಂದ, 1831ರಲ್ಲಿ ಎನ್ನುವುದು ಅವನು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು.

ಗುಡ್ಡ ಎತ್ತರವೇನಲ್ಲ, ಸುಮಾರು 300 ಅಡಿ. ಮೇಲೆ ಹೋಗಿ ಚರ್ಚಿನ ಮುಂದಿನ ಕಟ್ಟೆಯ ಮೇಲೆ ಕೂತೆವು. ಕೆಳಗೆ ಮೀನಂಬಾಕ್ಕಂ ವಿಮಾನ ನಿಲ್ದಾಣದ ರನ್‌ವೇ ಉದ್ದಕ್ಕೆ ಮಲಗಿತ್ತು. ಒಂದು ವಿಮಾನ ಇಳಿಯಿತು. ಇನ್ನೊಂದು ಇಳಿಯಿತು. ಕೊನೆಗೆ ನಾನೇ ಕೇಳಿದೆ.

“ಸಾರ್ದಿಸಿನವರು ಮಾಡಿದ ತಪ್ಪಾದ್ರೂ ಏನು ಮಾಮ? ಅಷ್ಟು ಕಠಿಣವಾಗಿ ಯಾಕೆ ಹೇಳಿಸಿಕೊಂಡ್ರು?”

“ಪತ್ರದಲ್ಲಿ ಹುಡುಕಿದ್ರೆ ತಪ್ಪು ಸಿಗಲ್ಲ. ನಾನೂ ಹುಡುಕಿದೀನಿ. ಪೆರ್ಗಮದಲ್ಲಿ, ಥುವತೈರದಲ್ಲಿ ಇಂಥವರು ಇಂಥ ತಪ್ಪು ಬೋಧನೆ ಮಾಡ್ತಿದಾರೆ ಅಂತ ಇದೆ. ಸ್ಮುರ್ನದವರಿಗೆ ಹಿಂಸೆ ಇತ್ತು. ಸಾರ್ದಿಸಿಗೆ ಹೊರಗಿನ ಶತ್ರುವಿನ ಹೆಸರೇ ಇಲ್ಲ. ಹಿಂಸೆ ಇಲ್ಲ, ಜಗಳ ಇಲ್ಲ, ಬಡತನದ ಮಾತೂ ಇಲ್ಲ. ಒಳ್ಳೇ ಹೆಸರಿತ್ತು. ಹೆಸರಿತ್ತು, ಉಸಿರಿರಲಿಲ್ಲ. ಅಷ್ಟೇ ಆಪಾದನೆ.”

ನಾನು ಬೇರೆ ಕಡೆ ನೋಡಿದೆ.

“ಆ ಪತ್ರ ಓದಬೇಕಾದ್ರೆ ಆ ಊರಿನ ಕಥೆ ಗೊತ್ತಿರಬೇಕು” ಎಂದ ಮಾಮ. “ಕೇಳಿಸಿಕೊಂಡ ಸಾರ್ದಿಸಿನವರಿಗೆ ಗೊತ್ತಿತ್ತು. ಎಚ್ಚರವಾಗಿರು, ಕಳ್ಳನ ಹಾಗೆ ಬರ್ತೀನಿ ಅಂತ ಬೇರೆ ಯಾವ ಊರಿಗೆ ಹೇಳಿದ್ರೂ ಅದು ಉಪದೇಶ. ಸಾರ್ದಿಸಿಗೆ ಹೇಳಿದ್ರೆ ಅವರ ಊರಿನ ಹಳೇ ಗಾಯದ ಮೇಲೇ ಬೆರಳಿಟ್ಟ ಹಾಗೆ.”

“ಎಲ್ಲಿದೆ ಅದು?”

“ಈಗಿನ ಟರ್ಕಿ ದೇಶದ ಪಶ್ಚಿಮಕ್ಕೆ. ಸಾರ್ತ್ ಅನ್ನೋ ಸಣ್ಣ ಹಳ್ಳಿ, ಸುತ್ತ ದ್ರಾಕ್ಷಿ ತೋಟ. ಆವಾಗ ಲಿದಿಯ ರಾಜ್ಯದ ರಾಜಧಾನಿ. ಪಕ್ತೋಲಸ್ ಅಂತ ಹೊಳೆ, ಮರಳಿನ ಜೊತೆ ಚಿನ್ನ ತರ್ತಿತ್ತು. ಲೋಕದಲ್ಲಿ ಮೊಟ್ಟಮೊದಲು ನಾಣ್ಯ ಹೊಡೆದವರಲ್ಲಿ ಅವರೂ ಸೇರ್ತಾರೆ. ಊರಿನ ಬೆನ್ನಿಗೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಈ ಗುಡ್ಡದ ವಿಷಯ ಗಮನ ಇಟ್ಟು ಕೇಳು. ನಮ್ಮ ಬಳ್ಳಾರಿ ಗುಡ್ಡದ ಥರ ಒಂದೇ ಕಲ್ಲಲ್ಲ ಅದು. ಜಲ್ಲಿ, ಮಣ್ಣು ಸೇರಿ ಗಟ್ಟಿಯಾದ ಬಂಡೆ. ಮಳೆಗೆ ಉದುರುತ್ತೆ, ಬಿರುಕು ಬಿಡುತ್ತೆ. ದೂರದಿಂದ ನೋಡಿದ್ರೆ ನೆಟ್ಟಗೆ ನಿಂತ ಗೋಡೆ. ಹತ್ತಿರ ಹೋಗಿ ನೋಡಿದವನಿಗೆ ಅಲ್ಲಲ್ಲಿ ಕಾಲಿಡೋಕೆ ಜಾಗ ಕಾಣುತ್ತೆ. ಆದ್ರೆ ಹತ್ತಿರ ಹೋಗಿ ಯಾರು ನೋಡ್ತಾರೆ?”

“ಊರಿನವರು ನೋಡಬೇಕಲ್ಲ.”

“ಊರಿನವರು ದಿನಾ ನೋಡ್ತಿದ್ರು, ಅದಕ್ಕೇ ನೋಡ್ತಿರಲಿಲ್ಲ. ಹೆರೊಡೋಟಸ್ ಒಂದು ಹಳೇ ಕಥೆ ಬರೀತಾನೆ. ಹಿಂದೆ ಮೆಲೆಸ್ ಅಂತ ದೊರೆ. ಅವನ ಉಪಪತ್ನಿಗೆ ಒಂದು ಸಿಂಹ ಹುಟ್ಟಿತಂತೆ. ಅದನ್ನ ಕೋಟೆ ಸುತ್ತ ಎತ್ತಿಕೊಂಡು ಸುತ್ತಿದ್ರೆ ಕೋಟೆ ಯಾವತ್ತೂ ಬೀಳಲ್ಲ ಅಂತ ದೈವಜ್ಞರು ಹೇಳಿದ್ರು. ಸುತ್ತಿಸಿದ. ಒಂದು ಕಡೆ ಮಾತ್ರ ಬಿಟ್ಟ. ಅಲ್ಲಿ ಪ್ರಪಾತ, ಯಾರು ಹತ್ತಿಯಾರು, ಬೇಡ ಬಿಡು ಅಂತ.”

“ಆ ಕಡೆಯಿಂದಲೇ ಬಂದ್ರಾ?”

“ಆ ಕಡೆಯಿಂದಲೇ. ಕ್ರಿಸ್ತಪೂರ್ವ 546ರ ಆಸುಪಾಸು. ಆಗಿನ ದೊರೆ ಕ್ರೀಸಸ್, ಸಿರಿವಂತ ಅಂದ್ರೆ ಅವನ ಹೆಸರೇ ಹೇಳ್ತಿದ್ರು. ಪರ್ಷಿಯದ ಕೋರೆಷನ ಮೇಲೆ ದಂಡೆತ್ತಿ ಹೋಗಿ, ಸೋಲೂ ಇಲ್ಲ ಗೆಲುವೂ ಇಲ್ಲ ಅಂತ ವಾಪಸ್ ಬಂದ. ಚಳಿಗಾಲ ಬಂತು, ಇನ್ನು ಯಾರೂ ಬರಲ್ಲ ಅಂತ ಕೂಲಿ ಸೈನ್ಯವನ್ನ ಮನೆಗೆ ಕಳಿಸಿದ. ಕೋರೆಷ ಹಿಂದೆಯೇ ಬಂದ. ಕೋಟೆ ಮುತ್ತಿ ಹದಿನಾಲ್ಕು ದಿವಸ. ಮೊದಲು ಗೋಡೆ ಹತ್ತಿದವನಿಗೆ ಬಹುಮಾನ ಅಂತ ಸಾರಿದ. ಎಲ್ಲರೂ ಹತ್ತಿ ಬಿದ್ದು ಸುಮ್ಮನಾದ್ರು. ಹೈರೋಯಡೀಸ್ ಅನ್ನೋ ಒಬ್ಬ ಸಿಪಾಯಿ ಮಾತ್ರ ಆ ಪ್ರಪಾತದ ಕಡೆ ನೋಡ್ತಾ ಇದ್ದ. ಮೇಲಿದ್ದ ಲಿದಿಯದ ಕಾವಲಿನವನೊಬ್ಬನ ಶಿರಸ್ತ್ರಾಣ ಕೈ ಜಾರಿ ಉರುಳಿಕೊಂಡು ಕೆಳಗೆ ಬಂತು. ಆ ಕಾವಲಿನವನು ಇಳಿದು ಬಂದ, ಎತ್ತಿಕೊಂಡ, ಅದೇ ದಾರೀಲಿ ಹತ್ತಿ ಹೋದ. ಹೈರೋಯಡೀಸ್ ಅವನ ಕಾಲು ನೋಡ್ತಾ ಇದ್ದ. ಎಲ್ಲಿ ಇಟ್ಟ, ಎಲ್ಲಿ ತೆಗೆದ. ಮಾರನೇ ದಿವಸ ಆ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಹತ್ತಿದ, ಹಿಂದೆ ಬೇರೆಯವರೂ ಹತ್ತಿದ್ರು.”

“ಮಾಮ, ಇದು ನಮ್ಮ ಓಬವ್ವನ ಕಥೆ!”

“ಹೇಳು ಮತ್ತೆ.”

“ಚಿತ್ರದುರ್ಗದ ಕಿಂಡಿ. ಮೊಸರು ಮಾರೋ ಹೆಂಗಸು ಆ ಕಿಂಡಿಯಿಂದ ನುಸುಳಿ ಒಳಗೆ ಹೋಗೋದನ್ನ ಹೈದರಾಲಿ ಕಡೆಯವರು ನೋಡಿದ್ರು ಅಂತಾರಲ್ಲ. ನಮ್ಮದೇ ಜನ ದಿನಾ ಓಡಾಡೋ ದಾರಿ, ಶತ್ರು ಕಣ್ಣಿಗೆ ಬಿತ್ತು. ಸ್ಕೂಲಿಂದ ಟೂರ್ ಹೋದಾಗ ನಾನೂ ಆ ಕಿಂಡೀಲಿ ನುಸುಳಿದ್ದೆ. ಒಬ್ಬರು ಬಗ್ಗಿ ಬರೋವಷ್ಟೇ ಜಾಗ.”

“ಎರಡೂ ಒಂದೇ ಕಥೆ, ಒಂದು ವ್ಯತ್ಯಾಸ ಬಿಟ್ರೆ. ಅಲ್ಲಿ ಓಬವ್ವ ಇದ್ದಳು, ಸಾರ್ದಿಸಿನಲ್ಲಿ ಇರಲಿಲ್ಲ.”

“ಅಂದ್ರೆ ಸಾರ್ದಿಸಿನ ಕಾವಲಿನವರು ನಿದ್ದೆ ಮಾಡಿದ್ರು, ಅದು ತಪ್ಪು. ಅಷ್ಟೇ ತಾನೆ? ಎಲ್ಲ ಪ್ರಸಂಗದಲ್ಲೂ ಅದನ್ನೇ ಹೇಳೋದು. ಮಲಗಬೇಡ, ಮಲಗಬೇಡ.” ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತ್ತು. “ಹನ್ನೆರಡು ಗಂಟೆ ನಿಂತು ಡ್ಯೂಟಿ ಮಾಡಿ ನೋಡಲಿ ಮಾಮ ಅವರು. ರಾತ್ರಿ ಮೂರು ಗಂಟೆ ಹೇಗಿರುತ್ತೆ ಅಂತ ನೋಡಲಿ. ಒಂದು ಮಾನಿಟರ್ ಕೂಗುತ್ತೆ, ಹೋಗಿ ನೋಡಿದ್ರೆ ಬೆರಳಿನ ಕ್ಲಿಪ್ ಜಾರಿರುತ್ತೆ. ಇನ್ನೊಂದು ಕೂಗುತ್ತೆ, ಡ್ರಿಪ್ ಮುಗಿದಿರುತ್ತೆ. ನೂರು ಸಲ ಸುಮ್ಮಸುಮ್ಮನೆ ಕೂಗಿದ ಮೇಲೆ ನೂರಾಒಂದನೇ ಸಲ ಕಿವಿ ಕೇಳಿಸಿಕೊಳ್ಳಲ್ಲ. ಕಣ್ಣು ಮುಚ್ಚದೆ ಯಾವ ಮನುಷ್ಯ ಇರ್ತಾನೆ?”

“ಯಾರೂ ಇರಲ್ಲ.”

ಮಾಮ ಅಷ್ಟು ಬೇಗ ಒಪ್ಪಿಕೊಂಡದ್ದರಿಂದ ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ.

“ಓಬವ್ವನ ಗಂಡನೂ ಇರಲಿಲ್ಲ. ಕಹಳೆ ಊದೋ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದ. ನಾವು ಆ ಕಥೆ ಹೇಳುವಾಗ ಅವನನ್ನ ಬೈತೀವಾ? ಇಲ್ಲ. ಹಸಿದವನು ಉಣ್ಣಲೇಬೇಕು. ಅವನು ಉಣ್ಣೋ ಹೊತ್ತಿಗೆ ಅವಳು ತಣ್ಣೀರು ದೋಣಿಗೆ ನೀರಿಗೆ ಹೋದಳು, ಸದ್ದು ಕೇಳಿದಳು, ನಿಂತಳು, ನೋಡಿದಳು. ಅವಳ ಕೈಲಿ ಕತ್ತಿ ಇರಲಿಲ್ಲ, ಒನಕೆ ಹಿಡಿದಳು. ಆ ಊರಿಗೆ ಕಾವಲಿನವನ ಹಿಂದೆ ಇನ್ನೊಂದು ಜೊತೆ ಕಣ್ಣಿತ್ತು. ಸಾರ್ದಿಸಿನಲ್ಲಿ ಕಾವಲಿನವನ ಹಿಂದೆ ಇದ್ದದ್ದು ಬರೀ ಪ್ರಪಾತದ ಮೇಲಿನ ನಂಬಿಕೆ.”

ನಾನು ಸುಮ್ಮನಿದ್ದೆ. ಮಾಮ ಜೇಬಿನಿಂದ ಹುರಿಗಡಲೆ ಪೊಟ್ಟಣ ತೆಗೆದು ನನ್ನ ಕೈಗೆ ಸ್ವಲ್ಪ ಸುರಿದ.

“ಮುಂದಿನದ್ದು ಕೇಳು, ಅದು ಇನ್ನೂ ಮುಖ್ಯ. ಒಂದು ಸಲ ಬಿದ್ದ ಊರು ಪಾಠ ಕಲೀಬೇಕಲ್ಲ? ಮುನ್ನೂರು ಚಿಲ್ಲರೆ ವರ್ಷ ಆಯ್ತು. ಕ್ರಿಸ್ತಪೂರ್ವ 214. ಗ್ರೀಕ್ ದೊರೆ ಮೂರನೇ ಆಂಟಿಯೋಕಸ್ ತನ್ನ ವಿರುದ್ಧ ತಿರುಗಿಬಿದ್ದ ನೆಂಟ ಅಕಾಯಸನನ್ನ ಸಾರ್ದಿಸಿನಲ್ಲಿ ಮುತ್ತಿದ್ದ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಲಗೋರಸ್ ಅಂತ ಕ್ರೀಟ್ ದ್ವೀಪದವನು, ಅವನೂ ನೋಡ್ತಾ ಕೂತವನೇ. ಕೋಟೆ ಒಳಗಿನವರು ಸತ್ತ ಕುದುರೆ, ಹೇಸರಗತ್ತೆ, ಹೆಣ ಎಲ್ಲ ಒಂದು ಕಡೆ ಕಮರಿಗೆ ಎಸೀತಿದ್ರು. ರಣಹದ್ದು ಬಂದು ತಿಂತಿದ್ದವು. ಹೊಟ್ಟೆ ತುಂಬಿದ ಮೇಲೆ ಎಲ್ಲಿ ಹೋಗಿ ಕೂರ್ತವೆ ಅಂತ ನೋಡಿದ. ಆ ಕಡೆ ಗೋಡೆ ಮೇಲೇ ಆರಾಮಾಗಿ ಕೂರ್ತಿದ್ದವು.”

“ಜನ ಇರೋ ಕಡೆ ಹದ್ದು ಕೂರಲ್ಲ.”

“ಅಷ್ಟೇ ಲೆಕ್ಕ. ಹದ್ದು ಕೂತಿದೆ ಅಂದ್ರೆ ಕಾವಲಿಲ್ಲ. ಚಂದ್ರ ಮುಳುಗೋ ತನಕ ಕಾದು, ಹದಿನೈದು ಜನ ಏಣಿ ಹೊತ್ತು ಹೋದ್ರು. ಊರು ಮತ್ತೊಮ್ಮೆ ಬಿತ್ತು, ಯಾರೂ ಬರಲಾರರು ಅಂತ ಬಿಟ್ಟ ಕಡೆಯಿಂದಲೇ. ಪಾಲಿಬಿಯಸ್ ಬರೆದಿದಾನೆ. ಮೊದಲ ಸಲದ ಕಥೆ ಆ ಊರಿನ ಮಕ್ಕಳಿಗೂ ಗೊತ್ತಿದ್ದಿರಬೇಕು. ಕಥೆ ಹೇಳೋರು ಇದ್ರು, ಗೋಡೆ ನೋಡೋರು ಇರಲಿಲ್ಲ.”

ಸಂಜೆಯ ಗಾಳಿ ಸಮುದ್ರದ ಕಡೆಯಿಂದ ಬೀಸತೊಡಗಿತ್ತು. ಆಲದ ಮರದ ಕೆಳಗೆ ಒಂದು ಸಂಸಾರ ಫೋಟೊ ತೆಗೆಸಿಕೊಳ್ಳುತ್ತಿತ್ತು. ಮಾಮ ರನ್‌ವೇ ಆಚೆಗೆ ಕೈ ತೋರಿಸಿದ.

“ಬೇರೆ ಎಲ್ಲೋ ಯಾಕೆ ಹೋಗಬೇಕು? ನಾವು ಕೂತಿರೋ ಈ ಗುಡ್ಡಕ್ಕೇ ಹೈದರಾಲಿ ಬಂದಿದ್ದ. 1769. ಇಂಗ್ಲಿಷರ ದೊಡ್ಡ ಸೈನ್ಯವನ್ನ ದೂರ ಸೆಳೆದು, ತಾನು ಸುಮಾರು ಆರು ಸಾವಿರ ಕುದುರೆ ಸವಾರರ ಜೊತೆ ಮೂರೂವರೆ ದಿವಸಕ್ಕೆ ನೂರಾ ಮೂವತ್ತು ಮೈಲಿ ಬಂದು ಇಲ್ಲಿ ಇಳಿದ. ಸೇಂಟ್ ಜಾರ್ಜ್ ಕೋಟೆಯ ದೊಡ್ಡವರು ಇಲ್ಲಿಗೇ ಆಳು ಕಳಿಸಿ ಸಂಧಿಗೆ ಒಪ್ಪಿಕೊಂಡ್ರು. ಅದಕ್ಕೆ ಇಪ್ಪತ್ತಮೂರು ವರ್ಷ ಮೊದಲು, 1746ರ ಸೆಪ್ಟೆಂಬರಿನಲ್ಲಿ, ಅದೇ ಕೋಟೆ ಫ್ರೆಂಚರ ಕೈಗೆ ಹೋಗಿತ್ತು. ನೂರು ವರ್ಷದ ಕೋಟೆ, ಕೆಲವೇ ದಿವಸದಲ್ಲಿ. ಗೋಡೆ ಪಕ್ಕಕ್ಕೇ ಮನೆಗಳು ಬಂದಿದ್ವು. ಕಾವಲಿಗೆ ಜನ ಸಾಲದು ಅಂತ ಎಲ್ಲರಿಗೂ ಗೊತ್ತಿತ್ತು. ವ್ಯಾಪಾರ ಚೆನ್ನಾಗಿ ನಡೀತಿತ್ತು, ಹಾಗಾಗಿ ಯಾರೂ ಮಾತೆತ್ತಲಿಲ್ಲ. ಗೆದ್ದವರು ಕೋಟೆ ಪಕ್ಕದ ಬ್ಲ್ಯಾಕ್ ಟೌನಿನ ಮನೆಗಳನ್ನ ಒಡೆದು ಬಯಲು ಮಾಡಿದ್ರು. ಈಗ ಹೈಕೋರ್ಟ್ ಇದೆಯಲ್ಲ, ಆ ಜಾಗ. ಕೋಟೆ ಕಾಯಲಿಲ್ಲ ಒಬ್ಬರು, ಮನೆ ಕಳಕೊಂಡವರು ಇನ್ನೊಬ್ಬರು.”

ಆ ಕೊನೆಯ ಮಾತು ನನ್ನನ್ನು ಎಲ್ಲಿ ಮುಟ್ಟಿತೆಂದು ಮಾಮನಿಗೆ ಗೊತ್ತಿರಲಿಲ್ಲ. ಕಾಯದವರು ಒಬ್ಬರು, ಕಳೆದುಕೊಳ್ಳುವವರು ಇನ್ನೊಬ್ಬರು. ಹತ್ತು ದಿವಸದಿಂದ ನಾನು ತುತ್ತು ನುಂಗಲಾಗದೆ ಕೂತಿದ್ದದ್ದು ಅದೇ ಮಾತಿನ ಮುಂದೆ.

“ಮಾಮ, ನಾನು ಎಣಿಸಿರಲಿಲ್ಲ.”

“ಏನನ್ನ?”

“ಉಸಿರು. ಆಪರೇಷನ್ ಆದವರ ವಾರ್ಡು. ನಮ್ಮಲ್ಲಿ ಮಾನಿಟರಿನಲ್ಲಿ ನಾಡಿ ಬರುತ್ತೆ, ಆಕ್ಸಿಜನ್ ಬರುತ್ತೆ. ಉಸಿರು ಮಾತ್ರ ನಾವೇ ಎಣಿಸಬೇಕು, ಎದೆ ಏರಿ ಇಳಿಯೋದನ್ನ ನೋಡ್ತಾ, ಪೂರ್ತಿ ಒಂದು ನಿಮಿಷ. ಗಂಟೆಗೊಂದು ಸಲ ಚಾರ್ಟಿನಲ್ಲಿ ಬರೀಬೇಕು. ಆವತ್ತು ರಾತ್ರಿ ಆ ಕೊನೇಲಿ ಮೂರು ಜನ ತುಂಬಾ ಸೀರಿಯಸ್. ನಾನು ಅಲ್ಲೇ ಓಡಾಡ್ತಿದ್ದೆ. ನಮ್ಮ ಕೌಂಟರಿಗೆ ತೀರಾ ಹತ್ತಿರದ ಹಾಸಿಗೇಲಿ ಒಬ್ಬರು ಹೂವಿನ ವ್ಯಾಪಾರಿ. ಚೆನ್ನಾಗಿದ್ರು. ಬೆಳಿಗ್ಗೆ ಜನರಲ್ ವಾರ್ಡಿಗೆ ಕಳಿಸೋದು ಅಂತ ಡಾಕ್ಟರ್ ಬರೆದಿದ್ರು. ನೋವಿಗೆ ಇಂಜೆಕ್ಷನ್ ಹೋಗ್ತಿತ್ತು, ನಿದ್ದೆ ಮಾಡ್ತಿದ್ರು. ಎರಡು ಗಂಟೆಗೆ ಉಸಿರು 18 ಅಂತ ಬರೆದೆ. ಮೂರು ಗಂಟೆಗೆ 18 ಅಂತ ಬರೆದೆ. ಎರಡು ಸಲವೂ ಎಣಿಸಿರಲಿಲ್ಲ. ನಿಂತಲ್ಲಿಂದಲೇ ನೋಡಿದೆ, ನೆಮ್ಮದಿಯಾಗಿ ಮಲಗಿದಾರೆ ಅಂತ ಬರೆದೆ.”

“ಆಮೇಲೆ?”

“ಸೀನಿಯರ್ ಸಿಸ್ಟರ್ ಒಬ್ಬರು ಪಕ್ಕದ ವಾರ್ಡಿನವರು. ಅವರ ಕಡೆ ನೀರಿನ ಕ್ಯಾನ್ ಖಾಲಿಯಾಗಿತ್ತು ಅಂತ ನಮ್ಮ ಕ್ಯಾನಿಗೆ ಬಂದ್ರು. ಅದು ಆ ಹಾಸಿಗೆ ಪಕ್ಕದಲ್ಲೇ ಇರೋದು. ಬಾಟಲ್ ಹಿಡಿದು ನಲ್ಲಿ ತಿರುಗಿಸಿ ಹಾಗೇ ಆ ಮನುಷ್ಯನ ಕಡೆ ನೋಡಿದ್ರು. ನೋಡ್ತಾನೇ ಇದ್ರು. ಬಾಟಲ್ ತುಂಬಿ ಕೈಮೇಲೆ ನೀರು ಸುರೀತಿದೆ, ಅವರಿಗೆ ಅದರ ಕಡೆ ಗಮನವೇ ಇಲ್ಲ. ಆಮೇಲೆ ಬಾಟಲ್ ಅಲ್ಲೇ ಬಿಟ್ಟು, ಹೋಗಿ ಭುಜ ಅಲ್ಲಾಡಿಸಿ, ‘ಅಯ್ಯಾ, ಕಣ್ಣು ತೊರಂಗ, ಅಯ್ಯಾ’ ಅಂತ ಕೂಗಿದ್ರು. ಅವರು ಕಣ್ಣು ತೆರೀಲಿಲ್ಲ. ನಿಮಿಷಕ್ಕೆ ಆರೇ ಉಸಿರು ಮಾಮ. ಆರು.”

“ಮಾನಿಟರ್ ಕೂಗಲಿಲ್ಲವಾ?”

“ಮಾಸ್ಕಿನಿಂದ ಆಕ್ಸಿಜನ್ ಹೋಗ್ತಿದ್ರೆ ಉಸಿರು ಕಡಿಮೆ ಆದ್ರೂ ಆ ನಂಬರ್ ಬೇಗ ಬೀಳಲ್ಲ. 97 ತೋರಿಸ್ತಿತ್ತು. ಹಸಿರು ಬಣ್ಣದಲ್ಲಿ, ಎಲ್ಲ ಸರಿಯಾಗಿದೆ ಅನ್ನೋ ಹಾಗೆ. ಇಂಜೆಕ್ಷನ್ ನಿಲ್ಲಿಸಿದ್ವಿ, ಡಾಕ್ಟರ್ ಓಡಿ ಬಂದ್ರು, ನಲಾಕ್ಸೋನ್ ಕೊಟ್ರು. ಕಣ್ಣು ಬಿಟ್ಟು, ನೋವು ಅಂತ ಅತ್ರು. ಅವರು ಅತ್ತಾಗ ನಾನು ದೇವರಿಗೆ ಸ್ತೋತ್ರ ಅಂದೆ. ಮನೆಗೆ ಹೋದ್ರು ಮೊನ್ನೆ, ಚೆನ್ನಾಗಿದಾರೆ. ಅವರ ಮಗಳು ಎಲ್ಲರಿಗೂ ಮಲ್ಲಿಗೆ ಹೂವು ತಂದುಕೊಟ್ಟಳು. ನನಗೆ ಒಂದು ಮೊಳ ಜಾಸ್ತಿ.”

ಮಾಮ ಏನೂ ಹೇಳಲಿಲ್ಲ.

“ಆ 18 ಬಗ್ಗೆ ಯಾರೂ ಕೇಳಲಿಲ್ಲ ಮಾಮ. ಮೂರು ಗಂಟೆಗೆ ಚೆನ್ನಾಗಿದ್ರು, ಆಮೇಲೆ ತಟ್ಟನೆ ಹೀಗಾಯ್ತು ಅಂತ ಎಲ್ಲರೂ ಅಂದುಕೊಂಡ್ರು. ಬೇಗ ಗಮನಿಸಿದ್ರಿ ಅಂತ ನಮ್ಮ ವಾರ್ಡಿಗೇ ಹೊಗಳಿಕೆ. ಹೋದ ತಿಂಗಳ ಒಳ್ಳೇ ನರ್ಸ್ ಅಂತ ಲಿಫ್ಟಿನ ಹತ್ತಿರ ಒಂದು ಫೋಟೊ ಇದೆ. ನಂದೇ. ದಿನಾ ಅದರ ಮುಂದೆ ಹೋಗ್ತೀನಿ. ಬೆಳಿಗ್ಗೆ ಹೆಸರಿನ ಮಾತು ಓದಿದಾಗ ಆ ಫೋಟೊ ಕಣ್ಣ ಮುಂದೆ ಬಂತು, ಕೂರಕ್ಕಾಗಲಿಲ್ಲ.”

ಒಂದು ವಿಮಾನ ನಮ್ಮ ಕಣ್ಣಿನ ಮಟ್ಟದಲ್ಲೇ ಹಾದು ಇಳಿಯಿತು. ಸದ್ದು ಅಡಗುವ ತನಕ ಮಾಮ ಕಾದ.

“ಎಂಜಿನ್ನಿನಲ್ಲಿ ನಮಗೊಂದು ಬಟನ್ ಇರ್ತಿತ್ತು” ಎಂದ. “ಡ್ರೈವರ್ 60 ಸೆಕೆಂಡ್ ಏನೂ ಮಾಡದೆ ಕೂತ್ರೆ ಲೈಟ್ ಮಿನುಗುತ್ತೆ. ಆಗಲೂ ಏನೂ ಮಾಡದಿದ್ರೆ ಬಜರ್. ಆಗಲೂ ಇಲ್ಲ ಅಂದ್ರೆ ತಾನಾಗೇ ಬ್ರೇಕ್ ಬೀಳುತ್ತೆ. ಎಚ್ಚರವಾಗಿದೀಯಾ, ಎಚ್ಚರವಾಗಿದೀಯಾ ಅಂತ ರಾತ್ರಿಯೆಲ್ಲ ಕೇಳೋ ಯಂತ್ರ. ಒಂದು ರಾತ್ರಿ ಜೋಲಾರಪೇಟೆಯಿಂದ ಗೂಡ್ಸ್ ತರ್ತಿದ್ದೆ. ವಾಲಾಜಾ ರೋಡ್ ದಾಟಿದ್ದು ನೆನಪಿದೆ. ಶೋಲಿಂಗೂರ್ ದಾಟಿದ್ದು ನೆನಪಿಲ್ಲ.”

“ನಿದ್ದೆ ಬಂದಿತ್ತಾ?”

“ಕಣ್ಣು ತೆರೆದೇ ಇತ್ತು. ಬಟನ್ ಒತ್ತಿದೀನಿ, ಹಾರ್ನ್ ಹಾಕಿದೀನಿ. ಕೈ ತನ್ನ ಪಾಡಿಗೆ ಕೆಲಸ ಮಾಡಿದೆ, ನಾನು ಅಲ್ಲಿರಲಿಲ್ಲ. ಯಂತ್ರದ ಲೆಕ್ಕದಲ್ಲಿ ನಾನು ಎಚ್ಚರವಾಗಿದ್ದೆ. ನಿನ್ನ 97 ಇದ್ದ ಹಾಗೆ. ನಮ್ಮಲ್ಲಿ ಒಂದು ಪದ್ಧತಿ ಇದೆ, ಸಿಗ್ನಲ್ ಕಂಡ ಕೂಡಲೇ ಡ್ರೈವರ್, ಅಸಿಸ್ಟೆಂಟ್ ಇಬ್ಬರೂ ಕೈ ತೋರಿಸಿ ಗಟ್ಟಿಯಾಗಿ ಕೂಗಬೇಕು. ಒಬ್ಬ ಹೇಳಿದ್ದನ್ನ ಇನ್ನೊಬ್ಬ ಹೇಳಬೇಕು. ಹೊಸಬರು ನಾಚಿಕೊಳ್ತಾರೆ, ಎದುರಿಗೇ ಕಾಣ್ತಿರೋದನ್ನ ಕೂಗೋದು ಯಾಕೆ ಅಂತ. ಆವತ್ತು ಪಕ್ಕದ ಹುಡುಗ ‘ಯೆಲ್ಲೋ’ ಅಂತ ಕೂಗಿದ. ನಾನು ‘ಗ್ರೀನ್’ ಅಂದೆ.”

“ಅಯ್ಯೋ.”

“ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ನಾನು ಅವನಿಗಿಂತ ಮೂವತ್ತು ವರ್ಷ ದೊಡ್ಡೋನು, ಒಂದೂ ಕಪ್ಪು ಚುಕ್ಕೆ ಇಲ್ಲದ ಡ್ರೈವರ್ ಅಂತ ಹೆಸರಿದ್ದೋನು. ಅವನು ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. ಎದ್ದು ನಿಂತು ‘ಸಾರ್, ಯೆಲ್ಲೋ, ಸಾರ್’ ಅಂತ ಕಿರುಚಿದ. ನನಗೆ ಆಗ ಕಂಡಿತು. ಬ್ರೇಕ್ ಹಾಕಿದೆ. ಮುಂದಿನ ಸಿಗ್ನಲ್ ಕೆಂಪು. ಅದಕ್ಕಿಂತ ಮೊದಲೇ ಗಾಡಿ ನಿಂತಿತು. ಎದುರಿಗೆ ಇನ್ನೊಂದು ಗಾಡಿಯ ಹಿಂದಿನ ಕೆಂಪು ದೀಪ, ದೂರದಲ್ಲಿ.”

“ಅತ್ತೆಗೆ ಹೇಳಿದೆಯಾ?”

“ನಿಮ್ಮತ್ತೆಗೆ ಹೇಳಿದ್ದು ರಿಟೈರ್ ಆದ ಮೇಲೆ. ಆ ಹುಡುಗನಿಗೆ ಮಾತ್ರ ಆವತ್ತೇ, ಅರಕ್ಕೋಣದ ರನ್ನಿಂಗ್ ರೂಮಿನಲ್ಲಿ ಚಹಾ ಕುಡೀತಾ ಹೇಳಿದೆ. ನಾನು ಸಿಗ್ನಲ್ ತಪ್ಪು ನೋಡಲಿಲ್ಲಪ್ಪ, ನಾನು ನೋಡಲೇ ಇಲ್ಲ, ಅಂತ. ಅಷ್ಟು ಹೇಳೋಕೆ ಗಂಟಲು ಕಟ್ಟಿತು. ಹೇಳಿದ ಮೇಲೆ ಅವನು ಏನಂದ ಗೊತ್ತಾ? ಹೋದ ತಿಂಗಳು ತನಗೂ ಹಾಗಾಗಿತ್ತು, ಬೇರೆ ಡ್ರೈವರ್ ಜೊತೆ, ಹೆದರಿ ಯಾರಿಗೂ ಹೇಳಿರಲಿಲ್ಲ ಅಂದ. ಅಲ್ಲಿಂದ ಮುಂದೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟೇ ಗಾಡಿ ಓಡಿಸಿದ್ವಿ. ಅನುಮಾನದಿಂದಲ್ಲ. ಪ್ರೀತಿಯಿಂದ.”

ನಾನು ಕೈಯಲ್ಲಿದ್ದ ಹುರಿಗಡಲೆ ತಿಂದೆ. ಹತ್ತು ದಿವಸದ ಮೇಲೆ ಬಾಯಿಗೆ ಉಪ್ಪು ಹತ್ತಿತು.

ಎಚ್ಚರವಾಗಿರಿ ಎಂಬುದು ನಮ್ಮ ಪ್ರಸಂಗಗಳಲ್ಲಿ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ನಿಲ್ಲಿಸಿ ಬೈಯುವ ಮಾತಾಗಿಬಿಟ್ಟಿದೆ. ಕೇಳಿದವರು ಹೆದರಿ, ತಮ್ಮ ನಿದ್ದೆಯನ್ನು ಇನ್ನಷ್ಟು ಒಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ನಾನು ಬಚ್ಚಿಟ್ಟುಕೊಂಡ ಹಾಗೆ. ಮಾಮ ಹೇಳಿದ ಸಾರ್ದಿಸ್ ಅದಲ್ಲ.

“ಆ ಪತ್ರ ಒಬ್ಬ ಮನುಷ್ಯನಿಗೆ ಬರೆದದ್ದಲ್ಲ ತಾಯಿ” ಎಂದು ಅವನೇ ಮುಂದುವರಿಸಿದ. “ಸಭೆಗೆ ಬರೆದದ್ದು. ಎಲ್ಲರೂ ಒಟ್ಟಿಗೆ ಕೂತು ಓದಿಸಿಕೊಂಡು ಕೇಳಬೇಕಾದ್ದು. ಮತ್ತೆ, ಸತ್ತೆ ಅಂತ ಹೇಳಿ ಯೇಸು ಅಲ್ಲಿಗೆ ಮುಗಿಸಿಲ್ಲ. ಇನ್ನೂ ಉಳಿದಿರೋದಿದೆ, ಅದಕ್ಕೆ ಬಲ ಕೊಡು ಅಂತಾನೆ. ಸತ್ತವನಿಗೆ ಯಾರಾದ್ರೂ ಹಾಗೆ ಹೇಳ್ತಾರಾ? ನಿಮ್ಮ ಸಿಸ್ಟರ್ ಭುಜ ಅಲ್ಲಾಡಿಸಿ ಕೂಗಿದ್ರಲ್ಲ, ಆ ದನಿ ಅದು.”

“ಆ ಸಿಸ್ಟರೂ ನೀರಿಗೇ ಬಂದಿದ್ದು ಮಾಮ. ಓಬವ್ವನ ಹಾಗೆ.”

“ಹೌದಲ್ಲ.”

“ಆಮೇಲೆ ಆ ಊರು ಏನಾಯ್ತು? ಪತ್ರ ಕೇಳಿ ಎದ್ರಾ?”

“ಕ್ರಿಸ್ತಶಕ 17ರಲ್ಲಿ, ಪತ್ರ ಬರೋದಕ್ಕಿಂತ ಮೊದಲೇ, ಭೂಕಂಪಕ್ಕೆ ಊರು ನೆಲಸಮ ಆಗಿತ್ತು. ರೋಮಿನ ಚಕ್ರವರ್ತಿ ತಿಬೇರಿಯ ಐದು ವರ್ಷದ ತೆರಿಗೆ ಬಿಟ್ಟು, ದುಡ್ಡು ಕೊಟ್ಟು ಎಬ್ಬಿಸಿದ. ಪತ್ರ ಬಂದ ಮೇಲೆ ನೂರು ವರ್ಷದೊಳಗೆ ಅದೇ ಸಾರ್ದಿಸಿನಲ್ಲಿ ಮೆಲಿಟೊ ಅಂತ ಬಿಷಪ್ ಇದ್ದ. ಪಸ್ಕದ ಮೇಲೆ ಅವನು ಬರೆದ ಪ್ರಸಂಗ ಇವತ್ತಿಗೂ ಉಳಿದಿದೆ. ಅಂದ್ರೆ ಯಾರೋ ಎದ್ದಿದ್ರು. ಪತ್ರದಲ್ಲೇ ಇದೆಯಲ್ಲ, ಬಟ್ಟೆ ಮೈಲಿಗೆ ಮಾಡಿಕೊಳ್ಳದ ಕೆಲವರು ಅಲ್ಲೂ ಇದಾರೆ ಅಂತ. ಬಿದ್ದ ಊರಿನಲ್ಲೂ ಅಂಥ ಕೆಲವರು ಇರ್ತಾರೆ. ನಾವು ಹತ್ತಿ ಬಂದ ಮೆಟ್ಟಿಲು ಕಟ್ಟಿಸಿದ್ದು ಯಾರು ಗೊತ್ತಾ?”

“ಪೋರ್ಚುಗೀಸರು?”

“ಚರ್ಚ್ ಅವರದ್ದು. ಮೆಟ್ಟಿಲು ಪೆಟ್ರಸ್ ಉಸ್ಕಾನ್ ಅನ್ನೋ ಅರ್ಮೇನಿಯದ ವ್ಯಾಪಾರಿ ಕಟ್ಟಿಸಿದ್ದು. ಸೈದಾಪೇಟೆ ಹತ್ತಿರ ಅಡ್ಯಾರ್ ನದಿಗೆ 1726ರಲ್ಲಿ ಸೇತುವೆ ಕಟ್ಟಿಸಿದ್ದೂ ಅವನೇ, ಯಾತ್ರಿಕರು ಈ ಬೆಟ್ಟಕ್ಕೆ ಬರೋಕೆ ಅನುಕೂಲ ಆಗಲಿ ಅಂತ. ಫ್ರೆಂಚರು ಊರು ಹಿಡಿದಾಗ, ನೀನು ಪುದುಚೇರಿಗೆ ಬಂದು ನೆಲೆಸು, ನಿನ್ನ ಆಸ್ತಿ ನಿನಗೇ ಬಿಡ್ತೀವಿ ಅಂದ್ರು. ಅವನು ಒಪ್ಪಲಿಲ್ಲ. ಅನ್ನ ಕೊಟ್ಟ ಊರು ಬಿಡಲ್ಲ ಅಂತ ನಿಂತ. ಎಲ್ಲ ಕಿತ್ತುಕೊಂಡ್ರು. ಕೋಟೆ ಕೈಬಿಟ್ಟಿತು, ಅವನು ಬಿಡಲಿಲ್ಲ. ನೂರಕ್ಕೂ ಜಾಸ್ತಿ ಮೆಟ್ಟಿಲು ತಾಯಿ, ನನ್ನ ಕಾಲಿಗೆ ಈಗ ಒಂದೊಂದೂ ಗೊತ್ತಾಗ್ತಿದೆ. ವಯಸ್ಸಾದವರು ನಿಂತುಕೊಳ್ಳಲಿ ಅಂತ ಅಲ್ಲಲ್ಲಿ ಜಾಗ ಬಿಟ್ಟಿದಾರೆ.”

ಕತ್ತಲಾಗುತ್ತ ಬಂದಿತ್ತು. ರನ್‌ವೇಯ ದೀಪಗಳು ಸಾಲಾಗಿ ಹೊತ್ತಿಕೊಂಡವು. ನಾನು ಫೋನ್ ತೆಗೆದೆ.

“ಯಾರಿಗೆ?”

“ಆ ಸಿಸ್ಟರಿಗೆ. ನಾಳೆ ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಬರ್ತೀರಾ, ಒಂದು ವಿಷಯ ಹೇಳಬೇಕು ಅಂತ ಬರೀತಿದೀನಿ. ಆಮೇಲೆ ಇನ್‌ಚಾರ್ಜ್ ಹತ್ತಿರ ಹೋಗ್ತೀನಿ. ಅವರ ಜೊತೆ ಹೋದ್ರೆ ನನಗೆ ಧೈರ್ಯ.”

“ಫೋಟೊ ತೆಗೆದುಹಾಕಿದ್ರೆ?”

“ತೆಗೀಲಿ ಮಾಮ. ಆ ಚಾರ್ಟಿನಲ್ಲಿ ನಾನು ಬರೆದ ಎರಡು 18 ಹಾಗೇ ಕೂತಿದೆ. ನಾಳೆ ಅದೇ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡುವಾಗ, ಒಂದು ಗಂಟೇಲಿ ತಟ್ಟನೆ ಹೀಗಾಗುತ್ತೆ ಅಂತ ಯಾರಾದ್ರೂ ತಪ್ಪು ತಿಳೀಬಾರದು. ತಟ್ಟನೆ ಆಗಿರಲಿಲ್ಲ. ನಿಧಾನಕ್ಕೇ ಆಗಿತ್ತು, ನನ್ನ ಕಣ್ಣ ಮುಂದೇನೇ.”

ಮೆಸೇಜ್ ಕಳಿಸಿದೆ. ಒಂದು ಟಿಕ್ ಬಂತು, ಎರಡಾಯಿತು. ನಾನು ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಮಾತು ನಿಂತಿತ್ತು. ತಿರುಗಿ ನೋಡಿದರೆ ಮಾಮ ಕಟ್ಟೆಯ ಹಿಂದಿನ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ಗಾಳಿಗೆ ಅವನ ಬಿಳಿ ಕೂದಲು ಹಾರುತ್ತಿತ್ತು. ನಾನು ಮೆಲ್ಲಗೆ ಅವನ ಮಣಿಕಟ್ಟು ಹಿಡಿದೆ.

ಇದು ನಮಗೆ ಮೊದಲ ವರ್ಷವೇ ಕಲಿಸುವ ಪಾಠ. ಉಸಿರು ಎಣಿಸುತ್ತಿದ್ದೇವೆಂದು ಗೊತ್ತಾದರೆ ರೋಗಿಯ ಉಸಿರಿನ ಗತಿ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಕೈ ಹಿಡಿದು, ಕಣ್ಣು ಮಾತ್ರ ಎದೆಯ ಮೇಲಿಡಬೇಕು. ಅವನ ಅಂಗಿಯ ಜೇಬಿನಲ್ಲಿ ಹುರಿಗಡಲೆ ಪೊಟ್ಟಣದ ತುದಿ ಹೊರಗೆ ಕಾಣುತ್ತಿತ್ತು. ಅದು ಮೇಲೇರಿತು, ಇಳಿಯಿತು. ನಾನು ವಾಚಿನ ಸೆಕೆಂಡ್ ಮುಳ್ಳು ನೋಡಿದೆ.

“ನಿದ್ದೆ ಬಂದಿಲ್ಲ ನಂಗೆ” ಎಂದ ಮಾಮ, ಕಣ್ಣು ಬಿಡದೆ. “ನಾಡಿ ನೋಡ್ತಿದೀಯಾ? ಎಷ್ಟಿದೆ?”

“ಮಾತಾಡಬೇಡ ಮಾಮ. ಇನ್ನೂ ಒಂದು ನಿಮಿಷ ಆಗಿಲ್ಲ.”